ಎಡತುದಿಯ ಒಂದಂಕಿ

ಟಿಪ್ಪುವಿನ ಆನೆ ಪೈಸೆಯ ಜೊತೆಗಿನ ಚೀಟಿಯಲ್ಲಿ ‘ಇಸವಿ ಅಳಿಸಿದೆ’ ಎಂದು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಆನೆ ಎಡಕ್ಕೆ ನಡೆಯುತ್ತಿದೆಯೋ ಬಲಕ್ಕೋ, ಬಾಲ ಮೇಲೆತ್ತಿದೆಯೋ ಇಳಿಬಿಟ್ಟಿದೆಯೋ ಎಂದು ಮೂರು ಸಾಲು ಬರೆಯುವ ಸಂಗ್ರಾಹಕರಿಗೆ ಅದರ ಬೆನ್ನ ಮೇಲಿನ ಜಾಗವನ್ನು ಮೂರು ನಿಮಿಷ ದಿಟ್ಟಿಸಲು ಪುರಸೊತ್ತಿಲ್ಲ. ನಾಲ್ಕಂಕಿಯೂ ಸಾಲಾಗಿ ಕಂಡರಷ್ಟೇ ಇಸವಿ, ಒಂದು ಮಾಸಿದರೂ ಕೈಚೆಲ್ಲುವುದು ಎಂಬ ಪದ್ಧತಿ ಬೇರೆ ದೊರೆಗಳ ನಾಣ್ಯಕ್ಕೆ ಸರಿಯಿರಬಹುದು. ಟಿಪ್ಪುವಿನ ತಾಮ್ರಕ್ಕೆ ಬಹುಮಟ್ಟಿಗೆ ಒಂದಂಕಿ ಸಾಕು. ಅದು ಎಡತುದಿಯದ್ದಾಗಿರಬೇಕು, ಅಷ್ಟೆ.

ಲೆಕ್ಕ ಹಾಕಿ ನೋಡಿ. 1782ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಟಿಪ್ಪು ಮೊದಲ ವರ್ಷಗಳಲ್ಲಿ, ಹಿಜರಿ 1197ರಿಂದ 1200ರ ತನಕ, ವಾಡಿಕೆಯ ಶಕೆಯನ್ನೇ ಅಚ್ಚು ಹಾಕಿಸಿದ. 1787ರಲ್ಲಿ ಮೌಲೂದಿ ಎಂಬ ಹೊಸ ಶಕೆ ತಂದು ಒಮ್ಮೆಲೇ 1215ಕ್ಕೆ ನೆಗೆದ. 1227ಕ್ಕೆ, ಅಂದರೆ 1799ಕ್ಕೆ, ಎಲ್ಲ ಮುಗಿಯಿತು. ಶಕೆ ಬದಲಿಸಿದ್ದು ಸಾಲದೆಂದು ಅಂಕಿಗಳನ್ನೂ ಫಾರಸಿ ಬರಹದ ಹಾಗೆ ಬಲದಿಂದ ಎಡಕ್ಕೆ ಬರೆಸಿದ; 1215 ಎಂಬುದು ಪೈಸೆಯ ಮೇಲೆ 5121. (ತಿಂಗಳು, ಅಳತೆ, ಊರ ಹೆಸರು ಯಾವುದನ್ನೂ ಇದ್ದ ಹಾಗೆ ಬಿಟ್ಟ ಮನುಷ್ಯನಲ್ಲ. ಪೈಸೆಗೆ ಶುಕ್ರಗ್ರಹದ ಹೆಸರಿಟ್ಟು ‘ಜೊಹ್ರಾ’ ಎಂದ, ಅರ್ಧ ಪೈಸೆಗೆ ಮಂಗಳನ ಹೆಸರಿಟ್ಟು ‘ಬಹ್ರಾಮ್’ ಎಂದ. ಸಂತೆಯಲ್ಲಿ ಸೊಪ್ಪು ಕೊಳ್ಳುವವರು ಶುಕ್ರನನ್ನು ಎಣಿಸಿ ಕೊಡುತ್ತಿದ್ದರೆಂದು ನೆನೆದರೇ ಖುಷಿ.) 1215ರಿಂದ 1227ರ ತನಕದ ಈ ಹದಿಮೂರು ವರ್ಷಗಳಲ್ಲಿ ಬಲತುದಿಯ 1, ಅದರ ಪಕ್ಕದ 2 ಬದಲಾಗುವುದೇ ಇಲ್ಲ, ಅವು ಸವೆದರೆ ನಷ್ಟವೂ ಇಲ್ಲ. ಎಡತುದಿಯಲ್ಲಿ 8 ಇದ್ದರೆ ಅದು 1218, 9 ಇದ್ದರೆ 1219. ಸೊನ್ನೆ, 2, 3, 4 ಇದ್ದರೆ 1220ರ ದಶಕವಲ್ಲದೆ ಬೇರೆ ದಾರಿಯಿಲ್ಲ. ಅಲ್ಲಿ 1 ಇದ್ದರೆ ಮಾತ್ರ ಬಲತುದಿಗೂ ಕಣ್ಣು ಹಾಯಿಸಬೇಕು: 1221ನ್ನು ಯಾವ ಕಡೆಯಿಂದ ಓದಿದರೂ 1221, ಬಲತುದಿಯಲ್ಲೂ 1; ಹಿಜರಿಯಾಗಿದ್ದರೆ ಅಲ್ಲಿ 7, 8, 9 ಅಥವಾ ಸೊನ್ನೆಯ ಚುಕ್ಕೆ ಇರುತ್ತದೆ. ಇನ್ನು ಗೊಂದಲಕ್ಕೆ ಉಳಿಯುವುದು 5, 6, 7. ಅದು 1215ರ ಐದೋ, 1225ರ ಐದೋ?

ಈ ಗಂಟನ್ನು ಟಂಕಸಾಲೆಯವರೇ ಬಿಡಿಸಿಟ್ಟಿದ್ದಾರೆ. 1224ರಿಂದ ತಾಮ್ರದ ಮೇಲೆ ವರ್ಷಕ್ಕೊಂದು ಅಕ್ಷರ ಬರುತ್ತದೆ: ಅಲಿಫ್, ಬೇ, ತೇ, ಸೇ. ಕೊನೆಯ ಮೂರಕ್ಕೂ ಮೈ ಒಂದೇ ಬಾಗಿದ ಅಡ್ಡಗೀಟು. ಚುಕ್ಕೆಗಳಷ್ಟೇ ಬೇರೆ, ಸವೆತದಲ್ಲಿ ಮೊದಲು ಹೋಗುವವೂ ಚುಕ್ಕೆಗಳೇ, ಹಾಗಾಗಿ ಅಕ್ಷರದಿಂದ ಪ್ರಯೋಜನವಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ನಮಗೆ ಬೇಕಾದದ್ದು ಚುಕ್ಕೆಯಲ್ಲ. ಬಿಡಿ ಅಂಕಿ ಆಗಲೇ ಕೈಯಲ್ಲಿದೆ; ಅಡ್ಡಗೀಟಿನ ನೆರಳು ಕಂಡರೂ ದಶಕ ತೀರ್ಮಾನವಾಯಿತು. ಅದೂ ಕಾಣದಿದ್ದರೆ ನಾಣ್ಯ ಮಗುಚಿ ಊರ ಹೆಸರು ನೋಡಿ. ಕಲ್ಲಿಕೋಟೆಯ ಬಳಿ ಟಿಪ್ಪು ಕಟ್ಟಿಸಿದ ಫರ್ರುಖಿಯ, ಅಂದರೆ ಈಗಿನ ಫೆರೋಕಿನ, ಪೈಸೆಯಾದರೆ ಐದು ಎಂದರೆ 1215 ಮಾತ್ರ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಕಂಪನಿಯ ಪಾಲಾದ ಮೇಲೆ ಅಲ್ಲಿ ಟಿಪ್ಪುವಿನ ಟಂಕಸಾಲೆ ಎಲ್ಲಿಂದ ಬರಬೇಕು?

ಅಂಕಿಯೇ ಮಸುಕಾಗಿದ್ದರೆ ಎಂಬ ಆಕ್ಷೇಪ ನ್ಯಾಯವಾದದ್ದು. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ. ಸೊನ್ನೆ ಬರಿಯ ಚುಕ್ಕೆ, ಅಂಚಿನ ಮಣಿಸಾಲಿನಲ್ಲಿ ಬೆರೆತುಹೋಗುತ್ತದೆ. ಏಳನ್ನು ತಲೆಕೆಳಗು ಮಾಡಿದರೆ ಎಂಟು. ಆನೆಯ ಕಾಲು ಎತ್ತ ಇದೆ ಎಂದು ನೋಡಿಕೊಂಡೇ ಅದನ್ನು ಓದಬೇಕು. ಇದಕ್ಕೆಲ್ಲ ಬೇಕಾದದ್ದು ಕತ್ತಲ ಕೋಣೆ, ಒಂದೇ ದೀಪ, ಅದೂ ನಾಣ್ಯದ ಮಟ್ಟಕ್ಕೆ ಇಳಿಸಿದ್ದು. ಬೆಳಕು ಅಡ್ಡ ಬಿದ್ದಾಗ ಕೂದಲೆಳೆಯ ಉಬ್ಬಿಗೂ ನೆರಳು ಹುಟ್ಟುತ್ತದೆ. ನಾಣ್ಯವನ್ನು ನಿಧಾನ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಅಂಕಿ ಎದ್ದು ನಿಲ್ಲುತ್ತದೆ. ಇದನ್ನು ಬಿಟ್ಟು ನಮ್ಮವರು ಮಾಡುವುದೇನು? ಹುಣಸೆಹಣ್ಣು. ಅದು ಸಾಲದಿದ್ದರೆ ನಿಂಬೆಹುಳಿ, ಉಪ್ಪು, ಪಾತ್ರೆಪುಡಿ. ಎರಡು ಶತಮಾನ ಅಂಕಿಯ ಬುಡದಲ್ಲಿ ಕೂತ ಕಪ್ಪೇ ಅಲ್ಲವೇ ಅಂಕಿಯ ಗೆರೆಯನ್ನು ತೋರಿಸುತ್ತಿದ್ದುದು? ಅದನ್ನು ತಿಕ್ಕಿ ತೆಗೆದು, ದೇವರ ಕೋಣೆಯ ತಂಬಿಗೆಯಂತೆ ಹೊಳೆಯುವ ಬೋಳು ಬಿಲ್ಲೆಯನ್ನು ಮುಂದಿಟ್ಟು ‘ಇಸವಿ ಅಳಿಸಿದೆ’ ಎನ್ನುವುದು! ಅಳಿಸಿದವರು ಯಾರು ಸ್ವಾಮಿ? ಅಮೆರಿಕದಲ್ಲಿ ಕಾಡೆಮ್ಮೆ ಚಿತ್ರದ ನಿಕಲ್ ನಾಣ್ಯಕ್ಕೆ ಆಮ್ಲ ಹಾಕಿ ಸವೆದ ಇಸವಿಯನ್ನು ಮೇಲೆಬ್ಬಿಸುತ್ತಾರಲ್ಲ ಎಂದು ಉದಾಹರಣೆ ಕೊಡುವ ಜಾಣರಿದ್ದಾರೆ. ಅಲ್ಲೂ ಹಾಗೆ ಎಬ್ಬಿಸಿದ ನಾಣ್ಯವನ್ನು ಕೆಟ್ಟ ನಾಣ್ಯವೆಂದೇ ಲೆಕ್ಕ ಹಿಡಿಯುವುದು, ಆ ಮಾತನ್ನು ಮಾತ್ರ ನುಂಗಿಬಿಡುತ್ತಾರೆ.

ಒಂದು ವರ್ಷ ಆಚೀಚೆಯಾದರೆ ಏನು ಮುಳುಗಿತು ಎನ್ನುವವರಿಗೆ 1219, 1220 ಎಂಬ ಎರಡು ಪೈಸೆ ತೋರಿಸಬೇಕು. ಅವುಗಳ ನಡುವೆ, ಅದೇ 1792ರ ಒಪ್ಪಂದದಲ್ಲಿ, ಅರ್ಧ ರಾಜ್ಯ ಕೈಬಿಟ್ಟಿದೆ. ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೆ: ಚೀಟಿಯಲ್ಲಿ ‘ಅಳಿಸಿದೆ’ ಎಂದು ಬರೆಯಬೇಡಿ, ಊಹೆಯ ಇಸವಿಯನ್ನೂ ಬರೆಯಬೇಡಿ. ‘ಎಡತುದಿ 2 ಅಥವಾ 3, ಉಳಿದದ್ದು ಕಾಣದು’ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಹುಣಸೆಹಣ್ಣನ್ನು ಸಾರಿಗೆ ಹಾಕಿ.