ಬಾಣಂತಿಗೆ ನಿದ್ದಿ ಬಂತಾ?

ಲಿನ್ ರಾಮ್‌ಸೆ ನಿರ್ದೇಶನದ ‘ಡೈ ಮೈ ಲವ್’ (2025) ನೋಡಿದವರೆಲ್ಲ ಜೆನ್ನಿಫರ್ ಲಾರೆನ್ಸ್ ನಟನೆಯ ಬಗ್ಗೆ ಮಾತಾಡ್ತಾರೆ. ನನ್ನ ತಲೆಯಲ್ಲಿ ಉಳಿದದ್ದು ಆ ಮನೆ. ಮೊಂಟಾನಾದ ಹಳ್ಳಿಗಾಡು, ಕೆಲಸ ಅಂತ ಹೊರಟು ಹೋಗೋ ಗಂಡ, ಒಳಗೆ ಹಸುಗೂಸಿನ ಜೊತೆ ಒಬ್ಬಳೇ ಗ್ರೇಸ್. ಸಾಲದ್ದಕ್ಕೆ ಆ ಪುಣ್ಯಾತ್ಮ ಬೊಗಳೋದು ನಿಲ್ಲಿಸದ ನಾಯಿಯೊಂದನ್ನು ಬೇರೆ ತಂದು ಬಿಡ್ತಾನೆ! ನಿಧಾನಕ್ಕೆ ಆಕೆಯ ಮನಸ್ಸು ಕೈತಪ್ಪುತ್ತೆ.

ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಬಾಣಂತಿ ಒಬ್ಬಳೇ ಇರೋ ಮಾತೇ ಇಲ್ಲ. ಕತ್ತಲೆ ಖೋಲಿ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಹತ್ತಿ, ಅಂಟಿನ ಉಂಡಿ, ಕೂಸು ನೋಡೋಕೆ ಬರೋ ಅರ್ಧ ಊರು. ಆದರೂ ಈ ಕಾಯಿಲೆ ನಮ್ಮಲ್ಲೂ ಇತ್ತು. ಅದಕ್ಕೊಂದು ಹೆಸರೂ ಇತ್ತು: ಬಾಣಂತಿ ಸನ್ನಿ. ಡಾಕ್ಟರುಗಳ ಭಾಷೆಯಲ್ಲಿ ಪೋಸ್ಟ್‌ಪಾರ್ಟಮ್ ಸೈಕೋಸಿಸ್. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ, ಹೆಚ್ಚಾಗಿ ಮೊದಲೆರಡು ವಾರದಲ್ಲೇ ಬರುತ್ತೆ.

ಸಿನಿಮಾದ ಕತೆ ಹೇಳಿದಾಗ ಅವ್ವ ದೂರದ ಸಂಬಂಧದ ಮೌಶಿಯೊಬ್ಬಳ ಸುದ್ದಿ ತೆಗೆದಳು. “ಎಂಟ ದಿನಾ ಕಣ್ಣಿಗಿ ಕಣ್ಣ ಹಚ್ಚಿರಲಿಲ್ಲಪಾ ಆಕಿ. ಕೂಸು ನಂದಲ್ಲ, ಬದಲ ಮಾಡ್ಯಾರ ಅಂತಿದ್ಲು.” ತಣ್ಣೀರು ಮುಟ್ಟಿದಾಳೆ, ತಂಪು ನೆತ್ತಿಗೇರಿದೆ ಅಂದರಂತೆ ಮನೆಯವರು. ದೇವರಿಷಿ ಬಂದ, ನಿಂಬೆಹಣ್ಣು ಬಂತು. ಕೂಸನ್ನು ತೆಗೆದು ಆಕೆಯ ವೈನಿಯ ಉಡಿಗೆ ಹಾಕಿದರು. ಒಂದೂವರೆ ತಿಂಗಳಾದ ಮೇಲೆ ಮಿರಜಿಗೆ ಕರಕೊಂಡು ಹೋದರು. ಗುಳಿಗೆಯಿಂದ ಮೌಶಿ ಆರಾಮಾದಳು. ಆದರೆ ಕೂಸು ಎಷ್ಟೋ ವರ್ಷ ವೈನಿಯನ್ನೇ ಅವ್ವ ಅಂತಿತ್ತು.

ರೋಗದ ದೊಡ್ಡ ಲಕ್ಷಣವನ್ನು, ಅಂದರೆ ನಿದ್ದೆ ಹಾರಿಹೋಗೋದನ್ನು, ಮನೆಯ ಹೆಂಗಸರು ಸರಿಯಾಗೇ ಗುರುತಿಸಿದ್ದರು. ಕಾರಣ ಹುಡುಕುವಾಗ ಮಾತ್ರ ತಪ್ಪು ಬಾಣಂತಿಯ ತಲೆಗೇ ಬಂತು. ತಣ್ಣೀರು ಮುಟ್ಟಿದ್ದು ಅವಳೇ ತಾನೇ! ಹೆರಿಗೆಯಾದ ಕೂಡಲೇ ಹಾರ್ಮೋನು ದಢಕ್ಕನೆ ಇಳಿಯೋದು, ನಿದ್ದೆಗೇಡು, ಮನೆತನದಲ್ಲಿ ಬೈಪೋಲಾರ್ ಕಾಯಿಲೆ ಇರೋದು, ಇವೆಲ್ಲ ಆಕೆಯ ಕೈಯಲ್ಲಿ ಇರೋ ವಿಷಯಗಳಾ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಐದು ಹಾಸಿಗೆಯ ತಾಯಿ-ಮಗು ಘಟಕ ಶುರುವಾಯ್ತು. ಅಲ್ಲಿ ಕೂಸೂ ತಾಯಿಯ ಜೊತೆಗೇ ಇರುತ್ತೆ, ನೋಡಿಕೊಳ್ಳೋಕೆ ಮನೆಯ ಹೆಂಗಸೊಬ್ಬರು ಇರ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ, ಚಿಕಿತ್ಸೆಯಲ್ಲಿರೋ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅನ್ನುತ್ತೆ. ಕಾಗವಾಡದಿಂದ ಬೆಂಗಳೂರು ದೂರ ನಿಜ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿದರೆ ಕನ್ನಡದಲ್ಲೇ ಮಾತಾಡ್ತಾರೆ.

ಮುಂದಿನ ತಿಂಗಳು ನನ್ನ ಹೆಂಡತಿ ಬಾಣಂತನಕ್ಕೆ ಅಥಣಿಯ ತವರಿಗೆ ಹೋಗ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಆ ದಿನಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಿ ಅಂತ ಅತ್ತೆಗೆ ಫೋನ್ ಮಾಡಿದೆ: ಬಾಣಂತಿಗೆ ನಿದ್ದಿ ಬಂತಾ?

ಅವರು ನಕ್ಕರು. “ಸಣ್ಣ ಕೂಸಿನ ಅವ್ವಗ ಎಲ್ಲೀ ನಿದ್ದಿರಿ ಅಳಿಯಾರ?”

“ಕೂಸು ಮಲಗಿದಾಗೂ ಆಕೀಗೆ ನಿದ್ದಿ ಬರದಿದ್ರ ಹೇಳ್ರಿ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾರ ರಾತ್ರಿ ಕೂಸಿನ್ನ ನಾ ಹಿಡಕೋತೀನಿ ತಗೋರಿ” ಅಂದರು.