ಶಂಕರನಾರಾಯಣದಿಂದ ಗಂಗೊಳ್ಳಿಯವರೆಗೆ

ಕುಂದಾಪುರದಿಂದ ಹಾಲಾಡಿ ದಾಟಿ ಸಿದ್ದಾಪುರದ ಕಡೆ ಹೊರಟರೆ ಶಂಕರನಾರಾಯಣ ಸಿಗುತ್ತದೆ. ಶಿವ ಮತ್ತು ವಿಷ್ಣುವಿನ ಹೆಸರನ್ನು ಜೊತೆಗೂಡಿಸಿದ ಪುರಾತನ ದೇವಾಲಯದಿಂದ ಊರಿಗೆ ಈ ಹೆಸರು. ಸುತ್ತಲೂ ಅಡಿಕೆ ತೋಟ, ಗದ್ದೆ. ಮೂಡು ದಿಕ್ಕಿಗೆ ಪಶ್ಚಿಮ ಘಟ್ಟ. ಮಳೆಗಾಲದಲ್ಲಿ ಈ ಸೀಮೆಯ ತೋಡುಗಳು ತುಂಬಿ ಹರಿದು ವಾರಾಹಿಯನ್ನು ಸೇರುತ್ತವೆ. ಹಾಲಾಡಿ ಹೊಳೆಯೆಂದೂ ಕರೆಯುವ ಈ ನದಿ ಬಸ್ರೂರಿನ ಬದಿಯಲ್ಲಿ ಸಾಗಿ, ಗಂಗೊಳ್ಳಿಯ ಬಳಿ ಇತರ ನಾಲ್ಕು ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಸಮುದ್ರ ಸೇರುತ್ತದೆ.

ಬಸ್ಸಿನ ಕಿಟಕಿಯಿಂದ ಎಸೆದ ಪ್ಯಾಕೆಟ್, ತೋಡಿಗೆ ಬಿಸಾಡಿದ ತೊಟ್ಟೆ ಕೂಡ ಇದೇ ದಾರಿ ಹಿಡಿಯುತ್ತವೆ. ಎಸೆದವರ ಕಣ್ಣಿಗೆ ಮರೆಯಾದದ್ದು ಯಾರದೋ ಗದ್ದೆಯಲ್ಲಿ, ಇಲ್ಲವೇ ಗಂಗೊಳ್ಳಿಯ ಮೀನುಗಾರನ ಬಲೆಯಲ್ಲಿ ಸಿಗುತ್ತದೆ.

ಅಮೆರಿಕದ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ತಜ್ಞರು ದೇಶಗಳ ಪರಿಸರ ಸಾಧನೆಗೆ ಅಂಕ ಕೊಡುತ್ತಾರೆ. 2022ರಲ್ಲಿ 180 ದೇಶಗಳ ಪೈಕಿ ಡೆನ್ಮಾರ್ಕ್ ಮೊದಲನೆಯದು, ಭಾರತ ಕೊನೆಯದು. ಲೆಕ್ಕ ಹಾಕಿದ ರೀತಿಯನ್ನು ನಮ್ಮ ಸರಕಾರ ಒಪ್ಪಲಿಲ್ಲ. 2024ರಲ್ಲಿ ನಮಗೆ ಸಿಕ್ಕಿದ್ದು 176ನೇ ಸ್ಥಾನ. ಇದರಲ್ಲಿ ಕಾರ್ಖಾನೆ, ವಿದ್ಯುತ್, ಸರಕಾರದ ನೀತಿಗಳ ಪಾಲು ದೊಡ್ಡದು. ಅದೆಲ್ಲವನ್ನೂ ಗೃಹಿಣಿಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಗಾಳಿಯ ಶುದ್ಧತೆ, ಒಲೆಯ ಹೊಗೆ, ಕಸದ ವಿಲೇವಾರಿಯೂ ಆ ಲೆಕ್ಕದಲ್ಲಿವೆ. ಇವು ನಮ್ಮ ಮನೆಯಿಂದಲೇ ಶುರುವಾಗುತ್ತವೆ.

ಬೆಂಕಿ ಬೇಗ ಹತ್ತಲೆಂದು ಬಚ್ಚಲ ಒಲೆಗೆ ಹಾಲಿನ ತೊಟ್ಟೆ ತುರುಕುವವರು ಇಂದಿಗೂ ಇದ್ದಾರೆ. ಆ ವಿಷದ ಹೊಗೆ ಮೊದಲು ನಮ್ಮ ಮಕ್ಕಳ ಎದೆಗೆ, ಆಮೇಲೆ ಪಕ್ಕದ ಮನೆಯ ಉಬ್ಬಸದ ಅಜ್ಜಿಯ ಎದೆಗೆ ಹೋಗುತ್ತದೆ.

ಇದೇ ಕುಂದಾಪುರ ಸೀಮೆಯ ವಂಡ್ಸೆ ಗ್ರಾಮ ಪಂಚಾಯತ್ ಹಸಿ ಕಸವನ್ನು ಗೊಬ್ಬರ ಮಾಡಿ, ಒಣ ಕಸವನ್ನು ವಿಂಗಡಿಸಿ ಮಾರಿ ಇತರ ಊರುಗಳಿಗೆ ಮಾದರಿಯಾಯಿತು. ಇಂಥ ಘಟಕಗಳಲ್ಲಿ ಕಸ ಬೇರ್ಪಡಿಸುವ ಕೈಗಳು ಹೆಚ್ಚಾಗಿ ಹೆಂಗಸರವು. ಮೀನಿನ ಮುಳ್ಳಿನೊಂದಿಗೆ ಒಡೆದ ಗಾಜು, ಮಗುವಿನ ಡೈಪರ್ ಸೇರಿಸಿ ಕಟ್ಟಿ ಕೊಟ್ಟರೆ ಕೈ ಕುಯ್ಯುವುದು ಆ ಸಹೋದರಿಯದು. ಡೈಪರ್, ಪ್ಯಾಡ್‌ಗಳನ್ನು ಸುತ್ತಿ ಕೊಡಬೇಕೆಂದು 2016ರ ನಿಯಮಗಳೇ ಹೇಳಿದ್ದವು. ಆದರೆ ನಮ್ಮ ಅಡುಗೆಕೋಣೆಗೆ ಬಂದು ನೋಡುವ ಅಧಿಕಾರಿ ಯಾರೂ ಇಲ್ಲ. ಅಲ್ಲಿ ಇನ್ನೊಬ್ಬರ ಮೇಲಿನ ಕಾಳಜಿಯೇ ಕಾನೂನಾಗಬೇಕು.

ದಾರಿಯಲ್ಲಿ ಬಿದ್ದಿರುವ ತೊಂದರೆಯನ್ನು ಸರಿಸುವುದೂ ಸತ್ಯವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಿರುವಾಗ ತೊಂದರೆಯನ್ನು ದಾರಿಗೆ ಹಾಕದಿರುವುದು ಅದಕ್ಕಿಂತ ಮೊದಲಿನ ಕರ್ತವ್ಯವಲ್ಲವೇ?

ಮುಂದಿನ ಮಳೆಗೆ ಮುಂಚೆ ಮಕ್ಕಳನ್ನು ಕರೆದುಕೊಂಡು ಮನೆಯ ಬದಿಯ ತೋಡನ್ನು ಒಮ್ಮೆ ನೋಡಿ ಬನ್ನಿ. ಆ ನೀರು ಯಾರ ಮನೆಯ ಮುಂದೆ ಹೋಗುತ್ತದೆ ಎಂದು ಅವರಿಗೆ ತೋರಿಸಿ.