ಬಾಗಿಲಿಗೆ ಬರುವವರು

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಕಟ್ಟಿದವರು ಖಂಡಿತ ಅರವತ್ತು ದಾಟಿದವರಲ್ಲ. ದಾಟಿದ್ದರೆ, ತನಗೆ ವಯಸ್ಸಾಯಿತೋ ಇಲ್ಲವೋ ಎಂದು ತೀರ್ಮಾನಿಸುವುದೇ ಎಷ್ಟು ಕಷ್ಟದ ಕೆಲಸವೆಂದು ತಿಳಿದಿರುತ್ತಿತ್ತು. ಕನ್ನಡಿ ಒಂದು ಹೇಳುತ್ತದೆ, ಮಂಡಿ ಇನ್ನೊಂದು ಹೇಳುತ್ತದೆ, ಸರ್ಕಾರ ಮೂರನೆಯದನ್ನು ಹೇಳುತ್ತದೆ. ಸರ್ಕಾರದೊಳಗೂ ಒಂದೊಂದು ಇಲಾಖೆಗೆ ಒಂದೊಂದು ಮುಪ್ಪು. ಸಾರಿಗೆ ಬಸ್ಸಿನಲ್ಲಿ 60 ತುಂಬಿದವರಿಗೆ ಶೇಕಡ 25 ರಿಯಾಯಿತಿ. ರೈಲಿನಲ್ಲಿ ಹೆಂಗಸರಿಗೆ 58ಕ್ಕೇ ಮುಪ್ಪು ಬರುತ್ತಿತ್ತು, ಗಂಡಸರಿಗೆ 60ಕ್ಕೆ; 2020ರ ಮಾರ್ಚಿಯಲ್ಲಿ ಆ ರಿಯಾಯಿತಿ ನಿಂತ ಮೇಲೆ ಟಿಕೆಟ್ಟಿನ ಮಟ್ಟಿಗೆ ನಾವೆಲ್ಲ ಮತ್ತೆ ಯುವಕರಾದೆವು. ಆದಾಯ ತೆರಿಗೆಯವರು 60ಕ್ಕೆ ಹಿರಿಯರೆಂದು ಕರೆದು 80ಕ್ಕೆ ಅತಿ ಹಿರಿಯರೆಂದು ಬಡ್ತಿ ಕೊಡುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಮಾತ್ರ 65 ತುಂಬಲೇಬೇಕು.

ನಾನು ಮೂವತ್ತು ಚಿಲ್ಲರೆ ವರ್ಷ ಮಲೆನಾಡಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಹಳ್ಳಿಯ ಮೇಷ್ಟ್ರೆಂದರೆ ಪಾಠ ಹೇಳುವವನು ಎಂಬುದು ಅರ್ಧ ಸತ್ಯ. ಅರ್ಜಿ ಬರೆಯುವವನು ಎಂಬುದು ಇನ್ನರ್ಧ. 2007ರಲ್ಲಿ ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಾಗ ನಮ್ಮ ಶಾಲೆಯ ಜಗಲಿ ಸಂಜೆ ಹೊತ್ತು ಒಂದು ಸಣ್ಣ ಕಚೇರಿಯೇ ಆಗಿಹೋಯಿತು. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಇಂಥವರಲ್ಲಿ 65 ದಾಟಿದವರಿಗೆ ತಿಂಗಳಿಗೆ 400 ರೂಪಾಯಿ. ಅರ್ಜಿ ಬರೆಯುವುದು ಸುಲಭ. ವಯಸ್ಸಿನ ಕಲಮಿಗೆ ಬಂದಾಗ ಎಲ್ಲವೂ ನಿಲ್ಲುತ್ತಿತ್ತು.

ಕೆಳಗಿನಮನೆ ಅಜ್ಜಿಯನ್ನು ಕೇಳಿದೆ. "ನಂಗೆಷ್ಟು ವರ್ಷ ಅಂತ ನಂಗೇನು ಗೊತ್ತು ಮಾಸ್ತ್ರೇ? ಮುಳುಗಡೆ ವರ್ಷ ನಮ್ಮ ದೊಡ್ಡ ಹುಡುಗ ಅಂಬೆಗಾಲು ಇಕ್ತಿದ್ದ. ಅವನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಲಾರಿ ಹತ್ತಿದ್ದು" ಎಂದಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಜ್ಜಿಗೆ ಇಪ್ಪತ್ತೆರಡಾದರೂ ಇರಬೇಕು. ಒಂದು ರಾಜ್ಯಕ್ಕೆ ಬೆಳಕು ಕೊಡಲು ತನ್ನ ಊರನ್ನು ಬಿಟ್ಟುಕೊಟ್ಟ ಹೆಂಗಸಿನ ವಯಸ್ಸಿಗೆ ಆ ಅಣೆಕಟ್ಟೇ ಸಾಕ್ಷಿಯಾಯಿತು. ಆದರೆ ಅರ್ಜಿಯ ಜೊತೆಗೆ ಅಣೆಕಟ್ಟನ್ನು ಲಗತ್ತಿಸಲು ಬರುವುದಿಲ್ಲವಲ್ಲ. ಸರ್ಕಾರಿ ಡಾಕ್ಟರು ಕಣ್ಣು, ಹಲ್ಲು ನೋಡಿ ಚೀಟಿ ಬರೆದುಕೊಟ್ಟರು. ಗ್ರಾಮ ಲೆಕ್ಕಿಗರು, ನಾಡಕಚೇರಿ, ತಹಸೀಲ್ದಾರರು ಎಂದು ಕಾಗದ ನಾಲ್ಕು ತಿಂಗಳು ಸುತ್ತಿ ಕಡೆಗೆ ಅಜ್ಜಿಗೆ ಹಣ ಬಂತು.

ನಾನೂರು ರೂಪಾಯಿ ಏನು ಮಹಾ ಎಂದು ಪೇಟೆಯವರು ನಗಬಹುದು. ಅದಕ್ಕೆ ಮುಂಚಿನ ಲೆಕ್ಕ ಇನ್ನೂ ಸಣ್ಣದು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಬಡ ವೃದ್ಧರಿಗಾಗಿ ರಾಷ್ಟ್ರೀಯ ಪಿಂಚಣಿ ತಂದಾಗ ಕೊಟ್ಟ ಪಾಲು ತಿಂಗಳಿಗೆ 75 ರೂಪಾಯಿ. ಆದರೆ ಹಣದ ಬೆಲೆ ಅದನ್ನು ಹಿಡಿದ ಕೈಗೆ ಗೊತ್ತು. ಅಜ್ಜಿ ತನ್ನ ಜೀವಮಾನದಲ್ಲಿ ಅಡಿಕೆ ಸುಲಿದಿದ್ದಳು, ಗದ್ದೆ ನೆಟ್ಟಿ ಮಾಡಿದ್ದಳು. ಕೂಲಿಯನ್ನು ಮಾತ್ರ ಗಂಡ ಇಸಿದುಕೊಂಡು ಬರುತ್ತಿದ್ದ, ಅವನ ನಂತರ ಮಗ. ಅವಳ ಹೆಸರು ಹಿಡಿದು ಕರೆದು ಅವಳ ಕೈಗೇ ಎಣಿಸಿದ ಮೊದಲ ಹಣ ಅದು. ಕವಳದ ಸಂಚಿಗೆ ಎಲೆ ಅಡಿಕೆ, ಮೊಮ್ಮಗಳ ರಿಬ್ಬನ್ನು, ದೇವರ ಹುಂಡಿಗೆ ಐದು ರೂಪಾಯಿ; ಉಳಿದದ್ದು ಸೊಸೆಯ ಕೈಗೆ. ಸೊಸೆ ಅದಕ್ಕೆ "ಅತ್ತೆ ಸಂಬಳ" ಎಂದೇ ಹೆಸರಿಟ್ಟಿದ್ದಳು. ಹೆಸರಿಟ್ಟದ್ದರಲ್ಲಿ ತಮಾಷೆ ಇತ್ತು, ಮರ್ಯಾದೆಯೂ ಇತ್ತು.

ಆ ದಿನಗಳಲ್ಲಿ ಹಣ ಮನಿಯಾರ್ಡರಿನಲ್ಲಿ ಬರುತ್ತಿತ್ತು. ತರುತ್ತಿದ್ದವನು ಅಂಚೆಯಣ್ಣ. ಅವನನ್ನು ಹೊಗಳಲು ಹೊರಟಿದ್ದೇನೆ ಎಂದುಕೊಳ್ಳಬೇಡಿ. ಪ್ರತಿ ಮನೆಯಲ್ಲೂ ಇಪ್ಪತ್ತು ರೂಪಾಯಿ "ಕಾಫಿಗೆ" ಎಂದು ಹಿಡಿದುಕೊಂಡೇ ಉಳಿದದ್ದನ್ನು ಕೊಡುತ್ತಿದ್ದ. ಒಮ್ಮೊಮ್ಮೆ ಎರಡು ತಿಂಗಳದ್ದನ್ನು ಒಟ್ಟಿಗೆ ತರುತ್ತಿದ್ದ, ನಡುವಿನ ದಿನಗಳಲ್ಲಿ ಹಣ ಎಲ್ಲಿತ್ತೋ ದೇವರಿಗೇ ಗೊತ್ತು. ಆದರೂ ಅವನು ಬರುತ್ತಿದ್ದ. ದಣಪೆ ದಾಟಿ, ಅಂಗಳ ದಾಟಿ, ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಫಾರಮ್ಮಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಒಮ್ಮೆ ಮೇಲಿನ ಕೇರಿಯ ಮುದುಕಿಯೊಬ್ಬಳ ಹೆಬ್ಬೆಟ್ಟು ಎರಡು ತಿಂಗಳು ಸಾಲಾಗಿ ಚೌಕದ ಹೊರಗೆ ಬಿತ್ತು. "ಅಮ್ಮನಿಗೆ ಕಣ್ಣು ಕಾಣ್ತಿಲ್ಲ ಕಣೋ, ಪೊರೆ ಬಂದಿರಬೇಕು" ಎಂದು ಅವಳ ಮಗನಿಗೆ ಹೇಳಿದವನು ಅವನೇ. ಮಗ ಉಚಿತ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದ, ಪೊರೆ ತೆಗೆದರು, ಮುದುಕಿ ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು. ಇಪ್ಪತ್ತು ರೂಪಾಯಿ ಹಿಡಿಯುವುದೂ ಅವನೇ, ಪೊರೆ ಕಂಡುಹಿಡಿಯುವುದೂ ಅವನೇ. ಲೋಕ ಹೀಗೆ.

ಮುಂದೆ ಹಣ ಬ್ಯಾಂಕಿನ ಖಾತೆಗೆ ಹೋಯಿತು. ಒಳ್ಳೆಯದೇ ಆಯಿತು ಎನ್ನಬೇಕು. ಕಾಫಿಯ ಇಪ್ಪತ್ತು ನಿಂತಿತು, ಸತ್ತವರ ಹೆಸರಿನಲ್ಲಿ ಹಣ ಎತ್ತುವುದೂ ಬಹಳ ಮಟ್ಟಿಗೆ ನಿಂತಿತು. ಹಣವೂ ಹೆಚ್ಚಿತು, 2021ರಲ್ಲಿ ಸಂಧ್ಯಾ ಸುರಕ್ಷೆಯನ್ನು ಸಾವಿರದಿಂದ 1,200 ರೂಪಾಯಿಗೆ ಏರಿಸಿದರು. ಆದರೆ ಅಜ್ಜಿ ಈಗ ಹಣಕ್ಕಾಗಿ ಏಳು ಕಿಲೋಮೀಟರು ಹೋಗಬೇಕು. ಅಲ್ಲಿನ ಪುಟ್ಟ ಯಂತ್ರದ ಮೇಲೆ ಬೆರಳಿಡಬೇಕು. ಅರವತ್ತು ವರ್ಷ ಕತ್ತಿ, ಹುಲ್ಲು, ಅಡಿಕೆಸಿಪ್ಪೆ, ಬೂದಿ ಹಿಡಿದ ಬೆರಳಿನ ಗೆರೆಗಳು ಸವೆದುಹೋಗಿರುತ್ತವೆ. ಯಂತ್ರ ಕೆಂಪು ದೀಪ ತೋರಿಸುತ್ತದೆ. ಬೆರಳು ಒರೆಸಿ ಮತ್ತೊಮ್ಮೆ, ಎಣ್ಣೆ ಹಚ್ಚಿ ಮತ್ತೊಮ್ಮೆ, ನಾಳೆ ಬನ್ನಿ ಅಜ್ಜಿ. ಬೆರಳು ಹೊಂದಿತೋ ಇಲ್ಲವೋ ಎಂಬುದಷ್ಟೇ ಯಂತ್ರಕ್ಕೆ ಬೇಕಾದ ಸಂಗತಿ. ಹೆಬ್ಬೆಟ್ಟು ಯಾಕೆ ಚೌಕದ ಹೊರಗೆ ಬೀಳುತ್ತಿದೆ ಎಂದು ಅದು ಕೇಳುವುದಿಲ್ಲ.

2022ರ ಆಷಾಢದಲ್ಲಿ ಅಜ್ಜಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದಳು. ಬೆಳಿಗ್ಗೆ ಹತ್ತರ ಹೊತ್ತು. ಮಗ ಸೊಸೆ ಇಬ್ಬರೂ ಕೂಲಿಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಮಳೆಯಲ್ಲಿ ನೆನೆದು ಜಗಲಿಯ ಮೆಟ್ಟಿಲಿಗೆ ಒರಗಿಕೊಂಡಿದ್ದಳು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡುವಾಗ ಎರಡೂ ಕಣ್ಣಿನ ಪೊರೆ ಚೆನ್ನಾಗಿ ಬಲಿತಿದ್ದದ್ದು ಗೊತ್ತಾಯಿತು. ಅಂಚೆಯಣ್ಣ ಬರುತ್ತಿದ್ದರೆ ಅಜ್ಜಿ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ. ತಿಂಗಳಿಗೊಮ್ಮೆ ಬರುವವನು ಪಾಚಿ ಕೆರೆಯುವವನಲ್ಲ. ಆದರೆ ಪೊರೆ ಒಂದು ದಿನದಲ್ಲಿ ಬೆಳೆಯುವ ವಸ್ತುವಲ್ಲ. ತಿಂಗಳಿಗೊಂದು ಸಲ ಹೊರಗಿನ ಎರಡು ಕಣ್ಣು ಅವಳನ್ನು ನೋಡುತ್ತಿದ್ದರೆ ಯಾವುದೋ ಒಂದು ತಿಂಗಳು ಅದು ಅವರ ಗಮನಕ್ಕೆ ಬರಬಹುದಿತ್ತು. ಮನೆಯವರಿಗೆ ಕಾಣಲಿಲ್ಲವೇ ಎಂದು ಕೇಳುವವರು ಬೆಳಿಗ್ಗೆ ಏಳಕ್ಕೆ ಹೊರಟು ಕತ್ತಲಿಗೆ ಬರುವ ಮನೆಗಳನ್ನು ಕಂಡವರಲ್ಲ. ಮುದುಕರು ಹೇಳಿಕೊಳ್ಳುವುದೂ ಇಲ್ಲ. ಹೇಳಿದರೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಅಜ್ಜಿ ಹದಿನಾಲ್ಕು ತಿಂಗಳು ಹಾಸಿಗೆಯ ಮೇಲಿದ್ದಳು. ಸೊಸೆ ಕೂಲಿ ಬಿಟ್ಟು ಮನೆಯಲ್ಲಿ ಕೂತಳು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 309 ರೂಪಾಯಿ. ಅಂದರೆ ಅತ್ತೆಯ ತಿಂಗಳ ಪಿಂಚಣಿ ಸೊಸೆಯ ನಾಲ್ಕು ದಿನದ ಕೂಲಿಗೂ ಸಮವಲ್ಲ. ಉಳಿದ ಇಪ್ಪತ್ತಾರು ದಿನದ ಆರೈಕೆಯನ್ನು ಆ ಹೆಂಗಸು ಸರ್ಕಾರಕ್ಕೆ ಪುಕ್ಕಟೆಯಾಗಿ ಮಾಡಿಕೊಟ್ಟಳು. ಅದೂ ಯಾರೂ ಹೇಳಿಕೊಡದೆ. ಮಲಗಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂಬುದು ಅವಳಿಗೆ ತಿಳಿದದ್ದು ಹುಣ್ಣಾದ ಮೇಲೆಯೇ.

ಇಲ್ಲಿ ನನ್ನ ಪಿಂಚಣಿಯ ಮಾತನ್ನೂ ಹೇಳಬೇಕು. ನಾನೂ ಸರ್ಕಾರದಿಂದ ತಿಂಗಳಿಗೊಮ್ಮೆ ಹಣ ಪಡೆಯುವವನೇ. ಬೆಲೆ ಏರಿದಂತೆ ವರ್ಷಕ್ಕೆ ಎರಡು ಸಲ ನನ್ನ ತುಟ್ಟಿಭತ್ಯೆ ಏರುತ್ತದೆ. ಅದಕ್ಕೆ ಯಾರೂ ಬೀದಿಗಿಳಿಯಬೇಕಾಗಿಲ್ಲ, ಸೂಚ್ಯಂಕವೇ ನಮ್ಮ ಪರವಾಗಿ ಅರ್ಜಿ ಹಾಕುತ್ತದೆ. ಕೆಳಗಿನಮನೆ ಅಜ್ಜಿಯೂ ನಾನೂ ಒಂದೇ ಅಂಗಡಿಯಲ್ಲಿ ಬೇಳೆ ಕೊಂಡವರು. ಅವಳ ಬೇಳೆಗೆ ಸೂಚ್ಯಂಕವಿರಲಿಲ್ಲ. ಕೇಂದ್ರದ ಪಾಲು 2006ರಲ್ಲಿ 200 ರೂಪಾಯಿ ಆದದ್ದು, 80 ದಾಟದವರಿಗೆ ಹದಿನೈದು ವರ್ಷದ ಮೇಲೂ ಅಷ್ಟೇ ಉಳಿಯಿತು. ರಾಜ್ಯದ ಪಾಲು ಬಜೆಟ್ಟಿನ ಕೃಪೆ ಬಂದಾಗ ಏರಿತು, ಇಲ್ಲದಾಗ ಇಲ್ಲ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯೂ ಅದೇ 2007ರದ್ದು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ. ತೊಂಬತ್ತು ದಿನದಲ್ಲಿ ತೀರ್ಮಾನ. ವಕೀಲರ ಹಂಗಿಲ್ಲದೆ ತಾವೇ ಹೇಳಿಕೊಳ್ಳಬಹುದು. ನೋಡಿಕೊಳ್ಳುತ್ತಾರೆಂದು ಬರೆದುಕೊಟ್ಟ ಆಸ್ತಿಯನ್ನು ಹಿಂದಕ್ಕೆ ಪಡೆಯುವ ದಾರಿಯೂ ಅದರ 23ನೆಯ ಕಲಮಿನಲ್ಲಿದೆ. 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಅಂಥ ಷರತ್ತು ಇದ್ದದ್ದನ್ನು ತೋರಿಸದೆ ಪತ್ರ ರದ್ದಾಗದು ಎಂದಿತು. 2025ರ ಜನವರಿಯಲ್ಲಿ, ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ ಒಬ್ಬ ತಾಯಿಗೆ ಆಸ್ತಿ ಹಿಂದಕ್ಕೆ ಕೊಡಿಸಿತು. ಒಳ್ಳೆಯ ಕಾಯ್ದೆ. ತೋಟವನ್ನೆಲ್ಲ ಮಗನಿಗೆ ದಾನಪತ್ರ ಮಾಡಿಕೊಟ್ಟು ಈಗ ಹೊರಜಗಲಿಯಲ್ಲಿ ಮಲಗುವ ನನ್ನ ಹಳೆಯ ಸ್ನೇಹಿತರೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಸಮಾಧಾನದಿಂದ ಕೇಳಿ, "ಬೆಳಿಗ್ಗೆ ಅವನ ಮೇಲೆ ಅರ್ಜಿ ಕೊಟ್ಟು ಮಧ್ಯಾಹ್ನ ಅವನ ಮನೆ ಊಟಕ್ಕೆ ಹೇಗೋ ಕೂರಲಿ?" ಎಂದರು. ಕಾಯ್ದೆ ಅನ್ನ ಕೊಡಿಸಬಲ್ಲದು, ಬಡಿಸುವವರ ಮುಖ ಬದಲಿಸಲಾರದು. ಅದು ಕಾಯ್ದೆಯ ತಪ್ಪಲ್ಲ. ಆದರೆ ಅರ್ಜಿ ಕೊಡುವ ಹಂತ ಬರುವ ಮೊದಲೇ ಹೊರಗಿನವರೊಬ್ಬರು ಬಂದು "ಹೇಗಿದ್ದೀರಿ ಯಜಮಾನರೇ, ಹೊರಗೆ ಯಾಕೆ ಮಲಗಿದ್ದೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರೆ ಅರ್ಧ ವ್ಯಾಜ್ಯ ಅಲ್ಲೇ ಮುಗಿಯುತ್ತದೆ.

ಮಕ್ಕಳ ವಿಷಯದಲ್ಲಿ ಸರ್ಕಾರಕ್ಕೆ ಇದು ಗೊತ್ತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ನಮ್ಮಲ್ಲಿ ಮೊದಲು ಆರಿಸಿಕೊಂಡದ್ದು ತಿರುಮಕೂಡಲು ನರಸೀಪುರವನ್ನು. ಇವತ್ತು ನಮ್ಮ ಕಾಡಿನೊಳಗಿನ ಕೇರಿಯ ಮಗುವಿಗೂ ಒಂದು ತಕ್ಕಡಿಯಿದೆ, ಒಂದು ಪುಸ್ತಕವಿದೆ, ಈ ತಿಂಗಳು ತೂಕ ಇಳಿಯಿತು ಎಂದು ಗಾಬರಿಪಡುವ ಒಬ್ಬ ಟೀಚರಮ್ಮ ಇದ್ದಾಳೆ. ಎಂಬತ್ತರ ಮುದುಕಿಯ ತೂಕ ಇಳಿದರೆ ಬರೆದುಕೊಳ್ಳುವ ಪುಸ್ತಕ ಎಲ್ಲಿದೆ?

ಕಾಗದದ ಮೇಲೆ ಅದೂ ಇದೆ ಎಂಬುದೇ ಸೋಜಿಗ. 2010ರಲ್ಲಿ ಕೇಂದ್ರ ಸರ್ಕಾರ ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ತಂದಿತು. ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತೆ ಹೋಗಿ ನೋಡಬೇಕು, ಆರೈಕೆ ಹೇಗೆಂದು ಮನೆಯವರಿಗೆ ಕಲಿಸಬೇಕು ಎಂದೂ ಅದರಲ್ಲಿದೆ. ಆ ಸೊಸೆಗೆ ಬೇಕಾಗಿದ್ದದ್ದು ಇದೇ. ಆದರೆ ಲಸಿಕೆ, ಬಾಣಂತಿ, ಜ್ವರ ಸಮೀಕ್ಷೆ ಎಲ್ಲವನ್ನೂ ಹೊತ್ತ ಒಬ್ಬಳೇ ಹೆಣ್ಣುಮಗಳ ತಲೆಯ ಮೇಲೆ ಇದನ್ನೂ ಇಟ್ಟರೆ ಯಾವುದು ಜಾರಿ ಬೀಳುತ್ತದೆಂದು ಊಹಿಸಲು ತಜ್ಞರು ಬೇಕಿಲ್ಲ. 2021ರ ಅಕ್ಟೋಬರಿನಿಂದ ಹಿರಿಯರಿಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಬಿದ್ದ ಅಜ್ಜಿ ಅದಕ್ಕೆ ಫೋನು ಮಾಡಬೇಕಾದರೆ ಮೊದಲು ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾಗಿತ್ತು.

ಆಗದ ಕೆಲಸವೇನಲ್ಲ. ಪಕ್ಕದ ಕೇರಳ 2008ರಲ್ಲೇ ಉಪಶಮನ ಆರೈಕೆಗೆ ಒಂದು ನೀತಿ ಮಾಡಿ, ಹಾಸಿಗೆ ಹಿಡಿದವರ ಮನೆಗೆ ನರ್ಸು ಹೋಗುವ ಹೊಣೆಯನ್ನು ಪಂಚಾಯಿತಿಗಳಿಗೆ ವಹಿಸಿತು. ನಮ್ಮಲ್ಲೂ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಎಂಬ ಯೋಜನೆ ಶುರುವಾಗಿ, ಮನೆಗೇ ಹೋಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವ ಮಾತು ಬಂದಿದೆ. 2018ರಲ್ಲಿ ಹುಟ್ಟಿದ ಅಂಚೆ ಪಾವತಿ ಬ್ಯಾಂಕಿನಿಂದಾಗಿ ಅಂಚೆಯವರೇ ಯಂತ್ರ ಹಿಡಿದು ಮನೆಬಾಗಿಲಿಗೆ ಹಣ ತರುವ ಏರ್ಪಾಡೂ ಇದೆ. ಬರುವವರಿಗೆ ದಾರಿ ಇದೆ ಎಂದಾಯಿತು. ಇನ್ನು ಬೇಕಾದದ್ದು, ಬಂದವರು ಹಣ ಕೊಟ್ಟು ಬೆರಳು ಒತ್ತಿಸಿಕೊಂಡು ಹೋಗುವ ಮೊದಲು ಕೇಳಲೇಬೇಕಾದ ನಾಲ್ಕು ಪ್ರಶ್ನೆ: ಕಣ್ಣು ಕಾಣುತ್ತದೆಯೇ, ಊಟ ಸೇರುತ್ತದೆಯೇ, ಮಾತ್ರೆ ಇದೆಯೇ, ಹಗಲು ಹೊತ್ತು ಜೊತೆಗೆ ಯಾರಿರುತ್ತಾರೆ. ಅದನ್ನು ಬರೆದುಕೊಳ್ಳಲು ಒಂದು ಪುಸ್ತಕ. ಆ ಪುಸ್ತಕವನ್ನು ತಿಂಗಳಿಗೊಮ್ಮೆ ತೆರೆದು ಓದಲು, ಪಂಚಾಯಿತಿಯಲ್ಲಿ ಸಂಬಳ ಕೊಟ್ಟು ನೇಮಿಸಿದ ಒಬ್ಬರು.

ಅಜ್ಜಿ ತೀರಿಕೊಂಡ ಮೇಲೆ ಸೊಸೆ ಮತ್ತೆ ಅಡಿಕೆ ಸುಲಿಯಲು ಹೋಗುತ್ತಿದ್ದಾಳೆ. ಹದಿನಾಲ್ಕು ತಿಂಗಳು ಎತ್ತಿ ಇಳಿಸಿದ್ದರಿಂದ ಅವಳ ಸೊಂಟವೂ ಹಿಡಿದುಕೊಂಡಿದೆ. ಮೊನ್ನೆ ಸಿಕ್ಕಾಗ ಬಗ್ಗಿಕೊಂಡೇ ನಕ್ಕು, "ನಂಗೆ ಅರವತ್ತೈದಕ್ಕೆ ಇನ್ನೂ ಒಂಬತ್ತು ವರ್ಷ ಉಂಟು ಮಾಸ್ತ್ರೇ. ನನ್ನ ಆಧಾರ್ ಕಾರ್ಡಿನಾಗೆ ತಾರೀಖು ಸರಿಯಾಗಿದೆ, ಈ ಸಲ ಅರ್ಜಿ ಬರೆಯೋದು ನಿಮಗೆ ಕಷ್ಟ ಆಗೂದಿಲ್ಲ" ಎಂದಳು.